ಮನೆಯ ಹಿರಿಯರಿಗೆ ಕೌನ್ಸೆಲಿಂಗ್ ಬೇಕಾದ್ರೆ ಕೊಡಗಲ್ಲಿ ಎಲ್ಲಿಗೆ ಹೋಗೋದು, ಕಾರ್ಡಿಂದ ಎಷ್ಟು ಸಿಗುತ್ತೆ, ಕೈಯಿಂದ ಎಷ್ಟು ಹೋಗುತ್ತೆ

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ, ಇದು ಗೊತ್ತಿಲ್ದೆ ಎಷ್ಟೋ ಮನೆಯವರು ತಿಂಗಳುಗಟ್ಟಲೆ ಸುಮ್ನೆ ಕಾಯ್ತಾ ಇರ್ತಾರೆ. ಆಯುಷ್ಮಾನ್ ಕಾರ್ಡ್ ಕೆಲಸಕ್ಕೆ ಬರೋದು ಆಸ್ಪತ್ರೆಗೆ ಅಡ್ಮಿಟ್ ಆದಾಗ. ವಾರಕ್ಕೊಂದು ಸಲ ಹೋಗಿ ಮುಕ್ಕಾಲು ಗಂಟೆ ಎದುರು ಕೂತು ಮಾತಾಡಿ ಮನೆಗೆ ಬರೋ ಚಿಕಿತ್ಸೆ ಇದ್ಯಲ್ಲ, ಸೈಕೋಥೆರಪಿ ಅನ್ನಿ ಕೌನ್ಸೆಲಿಂಗ್ ಅನ್ನಿ, ಅದಕ್ಕೆ ಆ ಕಾರ್ಡಿಂದ ದುಡ್ಡು ಬರಲ್ಲ. ಆದ್ರೆ ಅದೇ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ, ಅಂದ್ರೆ ಹೊರರೋಗಿ ವಿಭಾಗದಲ್ಲಿ, ಕಾರ್ಡೇ ಇಲ್ದೆ ಸಿಗುತ್ತೆ, ಚೀಟಿ ಮಾಡಿಸೋ ಸಣ್ಣ ದುಡ್ಡಿಗೆ. ಹಾಗಾಗಿ "ಕಾರ್ಡ್ ಆಗ್ಲಿ ಆಮೇಲೆ ಅಪ್ಪನ್ನ ಕರ್ಕೊಂಡು ಹೋಗೋಣ" ಅಂತ ದಯವಿಟ್ಟು ಕಾಯಬೇಡಿ. ಕಾರ್ಡಿನ ಕೆಲಸ ಒಂದು ಕಡೆ ನಡೀತಾ ಇರ್ಲಿ, ಡಾಕ್ಟರ್ ಹತ್ರ ಹೋಗೋದು ಇನ್ನೊಂದು ಕಡೆ ಈ ವಾರವೇ ಶುರುವಾಗ್ಲಿ.

ಯಾವಾಗ ಕರ್ಕೊಂಡು ಹೋಗ್ಬೇಕು

ನಮ್ಮ ಕಡೆ ಹಿರಿಯರು "ನಂಗೆ ಬೇಜಾರು, ಮನಸ್ಸು ಸರಿ ಇಲ್ಲ" ಅಂತ ಬಾಯಿ ಬಿಟ್ಟು ಹೇಳೋದು ಕಮ್ಮಿ. ಗ್ಯಾಸು, ಎದೆ ಭಾರ, ಸೊಂಟ ನೋವು, ನಿದ್ದೆ ಇಲ್ಲ, ಊಟ ಸೇರಲ್ಲ, ಇಷ್ಟೇ ಹೇಳ್ತಾರೆ. ಇಸಿಜಿ ಮಾಡಿಸ್ತೀರಿ, ಸ್ಕ್ಯಾನ್ ಮಾಡಿಸ್ತೀರಿ, ಎಲ್ಲಾ ನಾರ್ಮಲ್ ಬರುತ್ತೆ, ಆದ್ರೂ ನೋವು ಹೋಗಲ್ಲ. ಅದರ ಜೊತೆಗೆ ದಿನಾ ತೋಟಕ್ಕೆ ಒಂದು ರೌಂಡ್ ಹೋಗ್ತಿದ್ದವರು ಹೋಗೋದು ನಿಲ್ಲಿಸಿದ್ರೆ, ಮದುವೆ ಮುಂಜಿಗೆ ಕರೆದ್ರೆ ಬೇಡ ಅಂದ್ರೆ, ಪುತ್ತರಿ ಹಬ್ಬಕ್ಕೆ ಮಕ್ಕಳು ಬಂದ್ರೂ ಮುಖದಲ್ಲಿ ಏನೂ ಇಲ್ಲ ಅಂದ್ರೆ, "ನಾನಿದ್ದು ಏನು ಪ್ರಯೋಜನ" ಅನ್ನೋ ಥರ ಮಾತು ಬರ್ತಾ ಇದ್ರೆ, ಎರಡು ವಾರಕ್ಕಿಂತ ಜಾಸ್ತಿ ಹಾಗೇ ಇದ್ರೆ, ಅದು ವಯಸ್ಸಿನ ಸಹಜ ಲಕ್ಷಣ ಅಲ್ಲ. ವಯಸ್ಸಾಯ್ತು ಅಂತ ಖಿನ್ನತೆ ಬರಲೇಬೇಕು ಅಂತೇನಿಲ್ಲ, ಬಂದ್ರೆ ಎಪ್ಪತ್ತು ಎಂಬತ್ತರಲ್ಲೂ ಚಿಕಿತ್ಸೆಗೆ ಚೆನ್ನಾಗೇ ಬಗ್ಗುತ್ತೆ.

ಕೊಡಗಲ್ಲಿ ಇದಕ್ಕೆ ಕಾರಣಗಳೂ ಸಾಕಷ್ಟಿವೆ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರ್ತಾರೆ, ತೋಟದ ಮಧ್ಯೆ ದೊಡ್ಡ ಮನೆ, ಒಬ್ರೋ ಇಬ್ರೋ ಹಿರಿಯರು, ಪಕ್ಕದ ಮನೆ ಅಂದ್ರೆ ಅರ್ಧ ಕಿಲೋಮೀಟರ್, ಜೂನಿಂದ ಆಗಸ್ಟ್ ತನಕ ಮಳೆ ಹಿಡಿದ್ರೆ ಕರೆಂಟಿಲ್ಲ, ರೇಂಜಿಲ್ಲ, ಹೊರಗೆ ಕಾಲಿಡೋ ಹಾಗಿಲ್ಲ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಮನೆ ತೋಟ ಕಳ್ಕೊಂಡವರಲ್ಲಿ ಹಿರಿಯರು ಎಷ್ಟೋ ಜನ ಇದ್ರು, ಈಗಲೂ ರಾತ್ರಿ ಜೋರು ಮಳೆ ಬಂದ್ರೆ ಎದ್ದು ಕೂರೋರು ಇದ್ದಾರೆ. "ಹಳೇ ವಿಷಯ, ಮರೆತು ಬಿಡಿ" ಅಂತ ಹೇಳೋದ್ರಿಂದ ಅವರಿಗೆ ಏನೂ ಆಗಲ್ಲ, ಅದಕ್ಕೆ ಸರಿಯಾದ ಚಿಕಿತ್ಸೆ ಇದೆ.

ಇಲ್ಲೇ ಒಂದು ಮಾತು, ತಡ ಮಾಡ್ದೆ ಮಾಡ್ಬೇಕಾದ್ದು. ಮನೆಯ ಹಿರಿಯರು ಸಾಯೋ ಮಾತಾಡ್ತಿದ್ರೆ, ಆಸ್ತಿ ಪತ್ರ ಇದ್ದಕ್ಕಿದ್ದ ಹಾಗೆ ಹಂಚೋದು, ಎಲ್ಲರಿಗೂ ವಿದಾಯ ಹೇಳೋ ಥರ ಫೋನ್ ಮಾಡೋದು ಕಂಡ್ರೆ, ಅವತ್ತೇ ಕೋವಿ ಮತ್ತು ಅದರ ಗುಂಡು ಮನೆಯಿಂದ ಆಚೆ ಕಳಿಸಿ, ನಂಬಿಕಸ್ಥ ನೆಂಟರ ಮನೆಯಲ್ಲಿ ಇಡಿ. ನಮ್ಮಲ್ಲಿ ಕೋವಿ ಅಂದ್ರೆ ಗೌರವ, ಕೈಲ್‌ಪೋದ್ ಹಬ್ಬದಲ್ಲಿ ಪೂಜೆ ಮಾಡೋ ವಸ್ತು, ಅದನ್ನ ಅಪ್ಪನ ಕೈಯಿಂದ ತಗೊಳ್ಳೋಕೆ ಮಕ್ಕಳಿಗೆ ಸಂಕೋಚ ಆಗುತ್ತೆ ಅಂತ ಗೊತ್ತು. ಸಂಕೋಚ ಬಿಡಿ. ತೋಟಕ್ಕೆ ಹೊಡೆಯೋ ಔಷಧಿಗೂ ಬೀಗ ಹಾಕಿ, ಕೀ ಹಿರಿಯರಿಗೆ ಗೊತ್ತಿರೋ ಜಾಗದಲ್ಲಿ ಬೇಡ. "ಸಾಯ್ಬೇಕು ಅನ್ಸುತ್ತಾ" ಅಂತ ನೇರವಾಗಿ ಕೇಳಿದ್ರೆ ತಲೇಲಿ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು, ಕೇಳಿದ್ರೆ ಎಷ್ಟೋ ಸಲ ಅವರಿಗೇ ಹಗುರ ಆಗುತ್ತೆ. ಕೇಳಿ, ಒಬ್ರನ್ನೇ ಬಿಡಬೇಡಿ, ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಪರಿಸ್ಥಿತಿ ಕೈ ಮೀರ್ತಿದ್ರೆ 108.

ದುಡ್ಡಿಲ್ದೆ ಎಲ್ಲಿ ಸಿಗುತ್ತೆ

ಮನೆಯಿಂದ ಆಚೆ ಹೋಗ್ದೇ ಶುರು ಮಾಡ್ಬೇಕಂದ್ರೆ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ಕೇಂದ್ರ ಸರ್ಕಾರದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ನಂಬರ್ 14416, ಅದು ತಾಗದಿದ್ರೆ 1800 891 4416. ಇಪ್ಪತ್ನಾಲ್ಕು ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡ್ಬಹುದು. ಹಿರಿಯರೇ ಮಾಡ್ಬೇಕು ಅಂತೇನಿಲ್ಲ, "ನಮ್ಮ ಅವ್ವ ಹೀಗಿದ್ದಾರೆ, ನಾವೇನು ಮಾಡೋದು" ಅಂತ ಮಗಳೋ ಸೊಸೆಯೋ ಫೋನ್ ಮಾಡಿ ಕೇಳಬಹುದು. ಬೆಂಗಳೂರಲ್ಲಿ ಕೂತ ಮಗ ಇಲ್ಲಿ ಒಬ್ರೇ ಇರೋ ಅಪ್ಪನ ಬಗ್ಗೆ ಕೇಳೋದಕ್ಕೂ ಇದು ಒಳ್ಳೆ ದಾರಿ. ಆದ್ರೆ ಫೋನಲ್ಲಿ ಸಿಗೋದು ಮೊದಲ ಸಮಾಧಾನ, ಎಷ್ಟು ಗಂಭೀರ ಇದೆ ಅನ್ನೋ ಅಂದಾಜು, ಎಲ್ಲಿಗೆ ಹೋಗ್ಬೇಕು ಅನ್ನೋ ದಾರಿ. ವಾರ ವಾರ ಅದೇ ಮನುಷ್ಯರ ಜೊತೆ ಕೂತು ಮಾಡೋ ಥೆರಪಿಗೆ ಅದು ಬದಲಿ ಅಲ್ಲ.

ಆ ಥೆರಪಿಗೆ ನಮ್ಮ ಜಿಲ್ಲೆಯಲ್ಲಿ ಮುಖ್ಯ ಜಾಗ ಮಡಿಕೇರಿಯ ಜಿಲ್ಲಾಸ್ಪತ್ರೆ, ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ. ಅಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಇದರ ಜೊತೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ, ಡಿಎಂಎಚ್‌ಪಿ ಅಂತಾರೆ. 1996ರಲ್ಲಿ ದೇಶದಲ್ಲಿ ಶುರುವಾಗಿದ್ದು, ಅದಕ್ಕೆ ಮಾದರಿ ಆಗಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ ಕೆಲಸ. ಈ ಕಾರ್ಯಕ್ರಮದ ತಂಡ ಅಂದ್ರೆ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್, ನರ್ಸ್ ಎಲ್ಲಾ ಇರ್ಬೇಕು ಅಂತಲೇ ಇದನ್ನ ಮಾಡಿರೋದು. ವಿರಾಜಪೇಟೆ, ಸೋಮವಾರಪೇಟೆ ಕಡೆಯವರಿಗೆ ಮಡಿಕೇರಿ ದೂರ ಆಗುತ್ತೆ, ಅವರು ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವತ್ತು ಅಂತ ಕೇಳಿ. 2014ರಲ್ಲಿ ನಮ್ಮ ರಾಜ್ಯ ಶುರು ಮಾಡಿದ ಕಾರ್ಯಕ್ರಮ ಇದು, ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬಂದು ನೋಡೋ ವ್ಯವಸ್ಥೆ. ಎಲ್ಲಾ ಮಂಗಳವಾರವೂ ನಿಮ್ಮ ಆಸ್ಪತ್ರೆಗೇ ಬರ್ತಾರೆ ಅಂತ ಅಂದ್ಕೊಂಡು ಹೊರಡಬೇಡಿ, ಹಿಂದಿನ ದಿನ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ ವಿಚಾರಿಸಿ, ಇಲ್ಲಾಂದ್ರೆ 104 ಆರೋಗ್ಯ ಸಹಾಯವಾಣಿಗೆ ಕೇಳಿ. ವಯಸ್ಸಾದವರನ್ನ ಎಬ್ಬಿಸಿ ಕರ್ಕೊಂಡು ಹೋಗಿ ಡಾಕ್ಟರ್ ಇಲ್ಲ ಅಂತ ವಾಪಸ್ ಬಂದ್ರೆ ಎರಡನೇ ಸಲ ಅವರು ಏಳಲ್ಲ.

ಓಪಿಡಿಗೆ ಹೋದಾಗ ಒಂದು ಮಾತು ಮಾತ್ರ ಮರೀಬೇಡಿ. ಅಲ್ಲಿ ಜನ ತುಂಬಿರ್ತಾರೆ, ಡಾಕ್ಟರಿಗೆ ಒಬ್ಬೊಬ್ಬರಿಗೆ ಸಿಗೋದು ಕೆಲವೇ ನಿಮಿಷ, ನೀವು ಏನೂ ಕೇಳ್ದೇ ಇದ್ರೆ ಮಾತ್ರೆ ಬರ್ಕೊಟ್ಟು ತಿಂಗಳು ಬಿಟ್ಟು ಬನ್ನಿ ಅಂತಾರೆ. ಅದು ಅವರ ತಪ್ಪಲ್ಲ. ನೀವೇ ಬಾಯಿ ಬಿಟ್ಟು "ಸರ್, ಮಾತ್ರೆ ಜೊತೆ ಇವರಿಗೆ ಕೌನ್ಸೆಲಿಂಗ್ ಕೂಡ ಬೇಕು, ಇಲ್ಲಿ ಸೈಕಾಲಜಿಸ್ಟ್ ಯಾರು, ಯಾವ ದಿನ ಸಿಗ್ತಾರೆ, ಅಪಾಯಿಂಟ್‌ಮೆಂಟ್ ಬರ್ಕೊಡಿ" ಅಂತ ಕೇಳಿ. ಹೀಗೆ ಕೇಳಿದ್ರೆ ಚೀಟಿಯಲ್ಲಿ ಬರೀತಾರೆ, ಆ ಚೀಟಿ ಇದ್ರೆ ಮುಂದಿನ ಸಲ ನೇರ ಅಲ್ಲಿಗೇ ಹೋಗಬಹುದು.

ಇದಕ್ಕೂ ಮೊದಲು ಒಂದಷ್ಟು ರಕ್ತ ಪರೀಕ್ಷೆ ಮಾಡಿಸಿ ಅಂತ ಡಾಕ್ಟರ್ ಹೇಳ್ತಾರೆ, ಬೇಡ ಅನ್ನಬೇಡಿ. ಥೈರಾಯ್ಡ್, ಬಿ12, ಸೋಡಿಯಂ, ಶುಗರ್, ಹಿಮೋಗ್ಲೋಬಿನ್. ವಯಸ್ಸಾದವರಲ್ಲಿ ಇದ್ರಲ್ಲಿ ಒಂದು ಏರುಪೇರಾದ್ರೂ ನೋಡೋಕೆ ಖಿನ್ನತೆ ಥರಾನೇ ಕಾಣುತ್ತೆ, ಖಿನ್ನತೆ ಮರೆವಿನ ಕಾಯಿಲೆ ಥರ ಕಾಣುತ್ತೆ, ಮರೆವಿನ ಕಾಯಿಲೆ ಖಿನ್ನತೆ ಥರ. ಈಗ ತಗೊಳ್ತಿರೋ ಎಲ್ಲಾ ಮಾತ್ರೆಗಳನ್ನೂ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಬಿಪಿದು, ಶುಗರ್‌ದು, ನಾಟಿ ಮದ್ದು ಇದ್ರೆ ಅದೂ, ದಿನಾ ಒಂದೆರಡು ಪೆಗ್ ಅಭ್ಯಾಸ ಇದ್ರೆ ಅದನ್ನೂ ಮುಚ್ಚಿಡ್ದೆ ಹೇಳಿ. ಮೆಡಿಕಲ್ ಶಾಪಲ್ಲಿ ಪರಿಚಯ ಇದೆ ಅಂತ ನಿದ್ದೆ ಮಾತ್ರೆ ತಂದು ಕೊಡೋದು ಮಾತ್ರ ಬೇಡವೇ ಬೇಡ, ರಾತ್ರಿ ಎದ್ದಾಗ ತಲೆ ತಿರುಗಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರೆ ಆಮೇಲೆ ಹಾಸಿಗೆ ಹಿಡೀತಾರೆ.

ಈಗ ಕಾರ್ಡ್ ವಿಷಯಕ್ಕೆ ಬರೋಣ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಎರಡೂ ಸೇರಿ ಒಂದೇ ಯೋಜನೆ, ನೋಡ್ಕೊಳ್ಳೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ರೇಷನ್ ಕಾರ್ಡ್ ಇರೋ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಆದ್ರೆ ಪ್ಯಾಕೇಜ್ ದರದ, ಅಂದ್ರೆ ಒಂದೊಂದು ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿರೋ ದರದ, ಶೇಕಡಾ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿ, ಉಳಿದ 70 ನಿಮ್ಮ ಕೈಯಿಂದ. ಕೊಡಗಲ್ಲಿ ಸ್ವಲ್ಪ ತೋಟ ಇದ್ದವರೆಲ್ಲ ಎಪಿಎಲ್ ಆಗಿರ್ತಾರೆ, ಕೈಯಲ್ಲಿ ದುಡ್ಡಿರುತ್ತೆ ಅಂತೇನಲ್ಲ, ಹಾಗಾಗಿ ಈ 30-70 ಲೆಕ್ಕ ಮೊದಲೇ ತಿಳ್ಕೊಂಡಿರಿ.

ಮಾನಸಿಕ ಕಾಯಿಲೆಗೆ ಈ ಯೋಜನೆಯಲ್ಲಿ ಪ್ಯಾಕೇಜ್‌ಗಳು ಇವೆ. ಹಿರಿಯರು ಊಟ ನೀರು ಬಿಟ್ಟು ಕೂತಿದ್ದಾರೆ, ತೀವ್ರ ಖಿನ್ನತೆ, ಭ್ರಮೆ, ಪ್ರಾಣಕ್ಕೆ ಅಪಾಯ ಅನ್ನೋ ಥರ ಇದ್ರೆ ಅಡ್ಮಿಟ್ ಮಾಡ್ತಾರೆ, ಆ ಖರ್ಚು ಇದ್ರಲ್ಲಿ ಬರುತ್ತೆ. ಆದ್ರೆ ಇದು ಮುಖ್ಯವಾಗಿ ಸರ್ಕಾರಿ ಆಸ್ಪತ್ರೆಯ ಮೂಲಕ ನಡೆಯೋದು, ಅಲ್ಲಿ ಆಗಲ್ಲ ಅಂದ್ರೆ ಅವರು ರೆಫರ್ ಮಾಡಿದ ಮೇಲೆ ಪಟ್ಟಿಯಲ್ಲಿರೋ ಬೇರೆ ಆಸ್ಪತ್ರೆ. ನೀವೇ ನೇರ ಮೈಸೂರಿನ ಯಾವುದೋ ಪ್ರೈವೇಟ್ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಮಾಡಿ ಆಮೇಲೆ ಕಾರ್ಡ್ ಕೊಟ್ರೆ ನಡೆಯಲ್ಲ. ಪಟ್ಟಿಯಲ್ಲಿರೋ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ರು ಕೂತಿರ್ತಾರೆ, ದಾಖಲಾಗೋ ಮೊದಲೇ ಅವರ ಹತ್ರ ಹೋಗಿ "ಈ ಕಾಯಿಲೆಗೆ ಈ ಆಸ್ಪತ್ರೆಯಲ್ಲಿ ನಮ್ಮ ಕಾರ್ಡ್ ನಡೆಯುತ್ತಾ" ಅಂತ ಕೇಳಿ. ನಡೆಯುತ್ತೆ ಅಂದ್ರೆ ಅಡ್ಮಿಷನ್‌ಗೆ ಮೂರು ದಿನ ಮುಂಚಿನ ಟೆಸ್ಟುಗಳು, ಡಿಸ್ಚಾರ್ಜ್ ಆದ್ಮೇಲೆ 15 ದಿನದ ಔಷಧಿಯೂ ಅದೇ ಪ್ಯಾಕೇಜಲ್ಲಿ ಸೇರಿದೆ, ಅದನ್ನ ಕೇಳಿ ತಗೊಳ್ಳಿ.

ಎಪ್ಪತ್ತು ದಾಟಿದವರಿಗೆ ಕೇಂದ್ರದವರು 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ವಯ ವಂದನಾ ಅಂತ ಬೇರೆ ಕಾರ್ಡ್ ಶುರು ಮಾಡಿದ್ರು. ಇದಕ್ಕೆ ಆದಾಯದ ಲೆಕ್ಕ ಇಲ್ಲ, ಬಿಪಿಎಲ್ಲೋ ಎಪಿಎಲ್ಲೋ ನೋಡಲ್ಲ, ಆಧಾರ್‌ನಲ್ಲಿ ವಯಸ್ಸು 70 ಆಗಿದ್ರೆ ಸಾಕು, ವರ್ಷಕ್ಕೆ 5 ಲಕ್ಷ. ಮನೆಯಲ್ಲಿ ಗಂಡ ಹೆಂಡತಿ ಇಬ್ರೂ 70 ದಾಟಿದ್ರೆ ಆ 5 ಲಕ್ಷ ಇಬ್ರಿಗೂ ಸೇರಿ. ಪ್ರೈವೇಟ್ ಪಾಲಿಸಿ ಇದ್ರೂ ಇದನ್ನ ತಗೊಳ್ಳಬಹುದು. ಆದ್ರೆ ಇದೂ ಅಡ್ಮಿಟ್ ಆದ್ರೆ ಮಾತ್ರ, ಓಪಿಡಿ ಕೌನ್ಸೆಲಿಂಗ್‌ಗೆ ಅಲ್ಲ, ಅದನ್ನ ಮತ್ತೆ ಹೇಳ್ತಾ ಇದ್ದೀನಿ. ನಮ್ಮ ರಾಜ್ಯದ ಯಾವ ಆಸ್ಪತ್ರೆಯಲ್ಲಿ ಈ ಕಾರ್ಡ್ ತಗೋತಾರೆ ಅನ್ನೋದನ್ನ ಆರೋಗ್ಯ ಮಿತ್ರರ ಹತ್ರ ಖಚಿತ ಮಾಡ್ಕೊಂಡೇ ಮುಂದುವರೀರಿ. ಇನ್ನೊಂದು, ಆಭಾ ಕಾರ್ಡ್ ಅಂತ ಒಂದು ಮಾಡಿಸಿ ಕೊಡ್ತಾರಲ್ಲ, ಹದಿನಾಲ್ಕು ಅಂಕಿ ಇರೋದು, ಅದು ಇನ್ಶೂರೆನ್ಸ್ ಅಲ್ಲ. ಅದು ನಿಮ್ಮ ರಿಪೋರ್ಟ್‌ಗಳನ್ನ ಒಂದು ಕಡೆ ಇಡೋಕೆ ಇರೋ ನಂಬರ್ ಅಷ್ಟೇ, ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಎಷ್ಟೋ ಹಿರಿಯರು ಅದನ್ನೇ ಪರ್ಸಲ್ಲಿ ಭದ್ರವಾಗಿ ಇಟ್ಕೊಂಡು ನಂಗೆ ಆಯುಷ್ಮಾನ್ ಇದೆ ಅಂತಾರೆ, ಮಕ್ಕಳು ಒಂದ್ಸಲ ತೆಗೆದು ನೋಡಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ನಮ್ಮಲ್ಲಿ ವ್ಯವಸಾಯ ಸೇವಾ ಸಹಕಾರ ಸಂಘ ಇಲ್ಲದ ಊರಿಲ್ಲ, ಬಹಳ ಜನ ಕಟ್ಟಿರ್ತೀರಿ. ಅದು ಹೆಚ್ಚಾಗಿ ಆಪರೇಷನ್‌ಗಳಿಗೆ, ಈ ವಿಷಯಕ್ಕೆ ಅದನ್ನ ನಂಬ್ಕೋಬೇಡಿ.

ಲೈನ್ ಮನೆಗಳಲ್ಲಿರೋ ಹಿರಿಯರು, ಹಾಡಿಗಳಲ್ಲಿರೋ ಯರವ, ಜೇನುಕುರುಬ ಹಿರಿಯರಲ್ಲಿ ಆಧಾರ್ ಒಂದು ಹೆಸರು, ರೇಷನ್ ಕಾರ್ಡ್ ಇನ್ನೊಂದು ಹೆಸರು, ಕೆಲವರಿಗೆ ಎರಡೂ ಇಲ್ಲ. ಅವರನ್ನ ನೋಡ್ಕೊಳ್ಳೋರು, ತೋಟದ ಮಾಲೀಕರು ಇದನ್ನ ಓದ್ತಿದ್ರೆ ಕೇಳಿ, ಓಪಿಡಿ ಚಿಕಿತ್ಸೆಗೆ ಕಾರ್ಡ್ ಬೇಡ, ಮನುಷ್ಯರು ಹೋದ್ರೆ ಸಾಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯೋದು ಪ್ರತಿಯೊಬ್ಬರ ಹಕ್ಕು, ಬಡತನ ರೇಖೆಗಿಂತ ಕೆಳಗಿರೋರಿಗೆ ಬಿಪಿಎಲ್ ಕಾರ್ಡ್ ಇರ್ಲಿ ಇಲ್ದಿರ್ಲಿ ಉಚಿತ ಅಂತ ಆ ಕಾಯ್ದೆಯಲ್ಲೇ ಇದೆ. ಒಂದು ದಿನದ ಕೂಲಿ ಮುರೀದೆ ಜೊತೆಗೊಬ್ಬರನ್ನ ಕಳಿಸಿ ಕೊಟ್ರೆ ಅದೇ ದೊಡ್ಡ ಸಹಾಯ.

ಮಾಜಿ ಸೈನಿಕರ ಮನೆ, ಪ್ರೈವೇಟ್ ಪಾಲಿಸಿ ಇರೋ ಮನೆ

ಕೊಡಗಲ್ಲಿ ಮಾಜಿ ಸೈನಿಕರಿಲ್ಲದ ಕುಟುಂಬ ಹುಡುಕ್ಬೇಕು, ಹಾಗಾಗಿ ಅವರಿಗಿರೋ ಆರೋಗ್ಯ ಯೋಜನೆ ಇಸಿಎಚ್‌ಎಸ್ ಬಗ್ಗೆ ಹೇಳಲೇಬೇಕು. 2003ರಿಂದ ಇರೋ ಯೋಜನೆ, ಮಡಿಕೇರಿಯಲ್ಲಿ ಪಾಲಿಕ್ಲಿನಿಕ್ ಇದೆ. ಆಯುಷ್ಮಾನ್‌ಗಿಂತ ಇದು ಈ ವಿಷಯದಲ್ಲಿ ಎಷ್ಟೋ ಮೇಲು, ಯಾಕಂದ್ರೆ ಇದ್ರಲ್ಲಿ ಓಪಿಡಿಯೂ ಇದೆ, ಔಷಧಿಯೂ ಇದೆ. ಪಾಲಿಕ್ಲಿನಿಕ್ ಡಾಕ್ಟರಿಗೆ ಹೇಳಿ ಮನೋವೈದ್ಯರಿಗೆ ರೆಫರಲ್ ಬರೆಸ್ಕೊಳ್ಳಿ, ಸೈಕೋಥೆರಪಿ ಬೇಕು ಅನ್ನೋದನ್ನ ಅದ್ರಲ್ಲೇ ಬರೀಲಿಕ್ಕೆ ಕೇಳಿ. ತುಂಬಾ ವಯಸ್ಸಾದವರಿಗೆ ರೆಫರಲ್ ನಿಯಮದಲ್ಲಿ ಸಡಿಲಿಕೆ ಇದೆ, ಅಲ್ಲೇ ವಿಚಾರಿಸಿ. ಪೆನ್ಷನ್ ಬರ್ತಿರೋ ಸೈನಿಕರ ಪತ್ನಿಗೂ, ತೀರಿಹೋದವರ ಪತ್ನಿಗೂ ಇದು ಇದೆ, ಗಂಡ ಹೋದ್ಮೇಲೆ ಕಾರ್ಡ್ ಮೂಲೇಲಿಟ್ಟು ಮರೆತ ಅಜ್ಜಿಯರು ಎಷ್ಟೋ ಜನ ಇದ್ದಾರೆ. ಈಗ 70ರ ಕಾರ್ಡ್ ಬಂದ್ಮೇಲೆ ಒಂದು ಗೊಂದಲ ಶುರುವಾಗಿದೆ, ಇಸಿಎಚ್‌ಎಸ್ ಅಥವಾ ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್ ಇರೋರು ಅದನ್ನೇ ಇಟ್ಕೋಬೇಕು ಇಲ್ಲಾ ಬಿಟ್ಟು ಆಯುಷ್ಮಾನ್‌ಗೆ ಬರ್ಬೇಕು, ಎರಡನ್ನೂ ಒಟ್ಟಿಗೆ ಇಟ್ಕೊಳ್ಳೋ ಹಾಗಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಇಸಿಎಚ್‌ಎಸ್ ಬಿಡಲೇಬೇಡಿ, ಓಪಿಡಿ ಕೊಡೋ ಯೋಜನೆ ಬಿಟ್ಟು ಅಡ್ಮಿಟ್ ಆದ್ರೆ ಮಾತ್ರ ಕೊಡೋದನ್ನ ಯಾರಾದ್ರೂ ತಗೋತಾರಾ.

ಪ್ರೈವೇಟ್ ಹೆಲ್ತ್ ಇನ್ಶೂರೆನ್ಸ್ ಇದ್ರೆ, ಅದೇ 2017ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಮಾನಸಿಕ ಕಾಯಿಲೆಗೂ ಹಾಗೇ ಕವರ್ ಕೊಡ್ಬೇಕು. 2018ರಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡೋ ಐಆರ್‌ಡಿಎಐ ಕೂಡ ಕಂಪನಿಗಳಿಗೆ ಇದನ್ನೇ ಹೇಳ್ತು, 2021ರಲ್ಲಿ ದೆಹಲಿ ಹೈಕೋರ್ಟ್ ಒಂದು ಕೇಸಲ್ಲಿ ಇನ್ಶೂರೆನ್ಸ್ ಕಂಪನಿ ಮಾನಸಿಕ ಕಾಯಿಲೆ ಅಂತ ಕ್ಲೇಮ್ ತಳ್ಳಿಹಾಕೋ ಹಾಗಿಲ್ಲ ಅಂತ ಎತ್ತಿಹಿಡೀತು. ಆದ್ರೆ ಇಲ್ಲೂ ಅದೇ ಕಥೆ, ಸಾಮಾನ್ಯ ಪಾಲಿಸಿಗಳು 24 ಗಂಟೆ ಅಡ್ಮಿಟ್ ಆದ್ರೆ ಕೊಡ್ತವೆ. ದೇಹದ ಕಾಯಿಲೆಗೆ ಓಪಿಡಿ ಇಲ್ಲ ಅಂದ್ರೆ ಮನಸ್ಸಿಗೂ ಇಲ್ಲ. ಪಾಲಿಸಿ ಪೇಪರ್ ತೆಗೆದು ಓಪಿಡಿ ಕವರ್ ಅಂತ ಬೇರೆ ಇದ್ಯಾ, ಅದ್ರಲ್ಲಿ ಸೈಕಾಲಜಿಸ್ಟ್ ಫೀಸ್ ಸೇರುತ್ತಾ ಅಥವಾ ಡಾಕ್ಟರ್ ಫೀಸ್ ಮಾತ್ರವಾ, ಮಾನಸಿಕ ಕಾಯಿಲೆಗೆ ಬೇರೆ ಮಿತಿ ಹಾಕಿದ್ದಾರಾ, ಕೋ-ಪೇ, ಅಂದ್ರೆ ಬಿಲ್ಲಲ್ಲಿ ನೀವು ಹಾಕ್ಬೇಕಾದ ಪಾಲು, ಎಷ್ಟು, ಈ ನಾಲ್ಕನ್ನ ನೋಡಿ. ಅರ್ಥ ಆಗದಿದ್ರೆ ಏಜೆಂಟ್ ಬಾಯಿ ಮಾತು ನಂಬದೆ ಕಂಪನಿಗೆ ಇಮೇಲ್ ಹಾಕಿ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಹೊಸದಾಗಿ ಪಾಲಿಸಿ ಮಾಡಿಸೋ ಯೋಚನೆ ಇದ್ರೆ, 65 ದಾಟಿದವರಿಗೆ ಕೊಡಲ್ಲ ಅನ್ನೋದಕ್ಕೆ 2024ರ ಏಪ್ರಿಲಿಂದ ಆಧಾರ ಇಲ್ಲ, ಮೊದಲೇ ಇರೋ ಕಾಯಿಲೆಗೆ ಕಾಯಿಸೋ ಅವಧಿ ಹೆಚ್ಚಂದ್ರೆ ಮೂರು ವರ್ಷ, ಮತ್ತೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ಖಿನ್ನತೆಗೆ ಮಾತ್ರೆ ತಗೋತಿದ್ರೆ ಫಾರ್ಮಲ್ಲಿ ಬರೀರಿ, ಮುಚ್ಚಿಟ್ರೆ ನಾಳೆ ಹಾರ್ಟ್ ಆಪರೇಷನ್ ಕ್ಲೇಮ್‌ಗೂ ಅದನ್ನೇ ನೆಪ ಮಾಡ್ತಾರೆ.

ಕ್ಲೇಮ್ ರಿಜೆಕ್ಟ್ ಆದ್ರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೀರಿ, ಒಂದು ತಿಂಗಳಾದ್ರೂ ಉತ್ತರ ಬರ್ಲಿಲ್ಲ ಅಥವಾ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ವರ್ಷದೊಳಗೆ ಇಂಥ ದೂರು ವಿಚಾರಿಸೋ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ. ಫೀಸ್ ಇಲ್ಲ, ವಕೀಲರು ಬೇಡ. ಐಆರ್‌ಡಿಎಐ ದೂರಿನ ನಂಬರ್ 155255.

ಪ್ರೈವೇಟಲ್ಲಿ ಮಾಡಿಸಿದ್ರೆ ಎಷ್ಟಾಗುತ್ತೆ

ಮೈಸೂರು, ಮಂಗಳೂರಲ್ಲಿ ಒಂದು ಸೆಶನ್‌ಗೆ ಸಾವಿರದ ಆಸುಪಾಸು ಅಂದ್ಕೊಳ್ಳಿ, ಬೆಂಗಳೂರಲ್ಲಿ ಎರಡು ಸಾವಿರ ದಾಟೋದೂ ಸಾಮಾನ್ಯ. ಒಂದೇ ಸಲಕ್ಕೆ ಮುಗಿಯೋ ಕೆಲಸ ಅಲ್ಲ ಇದು, ಎಂಟರಿಂದ ಹನ್ನೆರಡು ಸಲ ಬೇಕಾಗುತ್ತೆ. ಹತ್ತು ಸೆಶನ್ ಅಂತ ಇಟ್ಕೊಂಡ್ರೆ ಫೀಸೇ ಹತ್ತು ಸಾವಿರ, ಮಡಿಕೇರಿಯಿಂದ ಮೈಸೂರಿಗೆ ನೂರಿಪ್ಪತ್ತು ಕಿಲೋಮೀಟರ್ ಹತ್ರ, ಪ್ರತಿ ಸಲ ಬಾಡಿಗೆ ಕಾರು ಅಂದ್ರೆ ಫೀಸಿಗಿಂತ ಕಾರಿನ ದುಡ್ಡೇ ಮೂರು ನಾಲ್ಕು ಪಟ್ಟಾಗುತ್ತೆ. ಹಾಗಾಗಿ ನಾನು ಹೇಳೋದು, ಮೊದಲ ಒಂದೆರಡು ಸಲ ಖುದ್ದು ಹೋಗಿ ಪರಿಚಯ ಆದ್ಮೇಲೆ ಉಳಿದಿದ್ದನ್ನ ವಿಡಿಯೋ ಕಾಲಲ್ಲಿ ಮಾಡ್ತೀರಾ ಅಂತ ಕೇಳಿ, ತುಂಬಾ ಜನ ಒಪ್ಕೋತಾರೆ. ಮನೆಯಲ್ಲಿ ರೇಂಜ್ ಸಿಗಲ್ಲ ಅಂದ್ರೆ ಪೇಟೆಯಲ್ಲಿರೋ ನೆಂಟರ ಮನೆಗೆ ವಾರಕ್ಕೊಂದು ಸಲ ಕರ್ಕೊಂಡು ಹೋಗಿ, ಒಂದು ರೂಮು ಬಾಗಿಲು ಹಾಕಿ ಕೊಡಿ. ಪಕ್ಕದಲ್ಲಿ ನೀವು ಕೂರಬೇಡಿ. ಸೊಸೆ ಎದುರು ಮಾವ ಏನು ತಾನೇ ಹೇಳ್ತಾರೆ.

ಫೀಸ್ ಕಮ್ಮಿ ಬೇಕು ಅಂದ್ರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನೋಡಿ, ಕೇಂದ್ರ ಸರ್ಕಾರದ್ದು, 1965ರಿಂದ ಇದೆ, ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ. ಕಿವಿ ಸರಿಯಾಗಿ ಕೇಳದ ಹಿರಿಯರಿಗೆ ಅಲ್ಲೇ ಕಿವಿ ಪರೀಕ್ಷೆಯೂ ಆಗುತ್ತೆ, ಇದು ಸಣ್ಣ ವಿಷಯ ಅಲ್ಲ, ಕಿವಿ ಕೇಳದೆ ಮಾತುಕತೆಯಿಂದ ದೂರ ಆಗಿಯೇ ಎಷ್ಟೋ ಜನ ಕುಗ್ಗಿ ಹೋಗಿರ್ತಾರೆ. ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ಕೇಸ್ ಕಷ್ಟದ್ದು, ಮರೆವು ಖಿನ್ನತೆ ಎರಡೂ ಕಲಸಿದೆ ಅಂದ್ರೆ ನಿಮ್ಹಾನ್ಸ್, ಅಲ್ಲಿ ಹಿರಿಯರಿಗೇ ಬೇರೆ ಕ್ಲಿನಿಕ್ ಇದೆ, ಬಿಪಿಎಲ್ ಕಾರ್ಡ್ ತಪ್ಪದೆ ತಗೊಂಡು ಹೋಗಿ.

ದುಡ್ಡು ಕೊಡೋ ಮೊದಲು ಯಾರಿಗೆ ಕೊಡ್ತಿದ್ದೀರಿ ನೋಡಿ. ಮನೋವೈದ್ಯರು ಅಂದ್ರೆ ಎಂಬಿಬಿಎಸ್ ಮುಗಿಸಿ ಮೇಲೆ ಮನೋವೈದ್ಯಕೀಯ ಓದಿದವರು, ಮಾತ್ರೆ ಬರೀತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತು, ಆರ್‌ಸಿಐ ಅಂತಾರೆ, ಅಲ್ಲಿ ನೋಂದಣಿ ಆದವರು, ಥೆರಪಿ ಮಾಡ್ತಾರೆ. ನೋಂದಣಿ ನಂಬರ್ ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಮಾಡ್ಕೊಂಡ್ರೆ ಅಲ್ಲಿಗೆ ಹೋಗಬೇಡಿ. ಬರೀ ಕೌನ್ಸೆಲರ್ ಅಂತ ಬೋರ್ಡ್ ಹಾಕೋಕೆ ಯಾವ ಅಡ್ಡಿಯೂ ಇಲ್ಲ, ಮೂರು ತಿಂಗಳ ಕೋರ್ಸ್ ಮಾಡಿದವರೂ ಹಾಕ್ತಾರೆ. ಮೊದಲ ಸೆಶನ್‌ನಲ್ಲೇ "ಎಷ್ಟು ಸಲ ಬರ್ಬೇಕಾಗಬಹುದು, ಯಾವ ಥರದ ಥೆರಪಿ, ನಾಲ್ಕು ಸಲ ಆದ್ಮೇಲೆ ಎಷ್ಟು ಸುಧಾರಣೆ ಆಗಿದೆ ಅಂತ ಹೇಗೆ ನೋಡ್ತೀರಿ" ಅಂತ ಕೇಳಿ. ಯೋಚನೆ ಮತ್ತು ನಡವಳಿಕೆ ತಿದ್ದಿಕೊಳ್ಳೋ ಸಿಬಿಟಿ, ಸಮಸ್ಯೆಗಳನ್ನ ಬಿಡಿಸಿ ನೋಡೋ ಥೆರಪಿ, ನಿಂತುಹೋದ ಚಟುವಟಿಕೆಗಳನ್ನ ಒಂದೊಂದಾಗಿ ಮತ್ತೆ ಶುರು ಮಾಡಿಸೋ ಥೆರಪಿ, ಹಳೇ ನೆನಪುಗಳನ್ನ ಇಟ್ಕೊಂಡು ಮಾಡೋದು, ಇವೆಲ್ಲ ಹಿರಿಯರಿಗೆ ಹೊಂದುತ್ತೆ ಅಂತ ಕಂಡುಕೊಂಡಿರೋವೇ.

ಅರವತ್ತು ದಾಟಿದವರಿಗೆ ಹೆಲ್ತ್ ಇನ್ಶೂರೆನ್ಸ್ ಇಲ್ದೇ ಇದ್ರೆ, ಚಿಕಿತ್ಸೆಯ ಖರ್ಚನ್ನ ಇನ್‌ಕಮ್ ಟ್ಯಾಕ್ಸ್ ಹಳೇ ಪದ್ಧತಿಯಲ್ಲಿ 80ಡಿ ಅಡಿ ವರ್ಷಕ್ಕೆ 50,000 ತನಕ ಕಳೀಬಹುದು, ಖರ್ಚು ಮಾಡಿದ ಮಕ್ಕಳೂ ತೋರಿಸಬಹುದು. ನಗದು ಕೊಟ್ರೆ ಲೆಕ್ಕಕ್ಕಿಲ್ಲ, ಯುಪಿಐನಲ್ಲೋ ಚೆಕ್ಕಲ್ಲೋ ಕೊಟ್ಟು ರಸೀದಿ ಇಡಿ.

ಬಸ್ಸಿನ ಖರ್ಚು ಉಳಿಸೋಕೆ, ಅಮ್ಮ ಅಜ್ಜಿಯಂದಿರಾದ್ರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳು ಉಚಿತ, ಗಂಡಸರಾದ್ರೆ 60 ದಾಟಿದವರಿಗೆ ಶೇಕಡಾ 25 ರಿಯಾಯಿತಿ. ನಮ್ಮ ಒಳಗಿನ ರೂಟ್‌ಗಳಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ, ಅದ್ರಲ್ಲಿ ಇದು ನಡೆಯಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿ, ಸಿದ್ದಾಪುರ ಅಮ್ಮತ್ತಿ ಕಡೆಯವರು ಕತ್ತಲಾಗೋ ಮೊದಲು ಮನೆ ಸೇರೋ ಹಾಗೆ ನೋಡ್ಕೊಳ್ಳಿ, ಆನೆ ಇರೋ ರಸ್ತೆ.

ಬರಲ್ಲ ಅಂತ ಹಠ ಹಿಡಿದ್ರೆ

"ನಂಗೇನು ಹುಚ್ಚಾ" ಅಂತ ಕೇಳ್ತಾರೆ, ಆ ಒಂದು ಮಾತಿಗೆ ಮಕ್ಕಳು ಹಿಂದೆ ಸರೀತಾರೆ. ವಾದ ಮಾಡಬೇಡಿ. ಅವರು ಯಾವುದರ ಬಗ್ಗೆ ದೂರ್ತಾರೋ ಅದನ್ನೇ ಹಿಡೀರಿ, "ನಿದ್ದೆ ಬರ್ತಿಲ್ಲ ಅಂದ್ರಲ್ಲ ಅಪ್ಪ, ಅದಕ್ಕೆ ಡಾಕ್ಟರನ್ನ ನೋಡೋಣ" ಅನ್ನಿ, ಅದು ಸುಳ್ಳೂ ಅಲ್ಲ. ಆದ್ರೆ ಕಣ್ಣಿನ ಡಾಕ್ಟರ್ ಹತ್ರ ಅಂತ ಹೇಳಿ ಅಲ್ಲಿಗೆ ಕರ್ಕೊಂಡು ಹೋಗೋ ಕೆಲಸ ಮಾಡಬೇಡಿ, ಒಂದ್ಸಲ ನಂಬಿಕೆ ಹೋದ್ರೆ ಥೆರಪಿ ನಡೆಯೋದೇ ಇಲ್ಲ. ಮನೆಯವರ ಮಾತಿಗಿಂತ ಹಲವು ವರ್ಷದಿಂದ ನೋಡ್ತಿರೋ ಊರಿನ ಡಾಕ್ಟರ್ ಮಾತು ನಡೆಯುತ್ತೆ, ಅವರ ಕೈಲಿ ಹೇಳಿಸಿ. ಹಳೇ ರೆಜಿಮೆಂಟಿನ ಗೆಳೆಯರು ಹೇಳಿದ್ರೆ ಕೆಲವು ಅಜ್ಜಂದಿರು ಕೂಡಲೇ ಎದ್ದು ಬರ್ತಾರೆ. ಕಾಫಿ ಕುಯ್ಲು ಮುಗೀಲಿ, ಮಳೆಗಾಲ ಕಳೀಲಿ ಅಂತ ಮುಂದೆ ಹಾಕೋದಕ್ಕೆ ಮಾತ್ರ ಒಪ್ಪಬೇಡಿ.

ಭಾಷೆ ವಿಷಯನೂ ಕೇಳಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಮಾತಾಡೋ ಹಿರಿಯರು ದುಃಖದ ವಿಷಯ ಬಂದಾಗ ಕನ್ನಡದಲ್ಲಿ ತಡವರಿಸ್ತಾರೆ. ಆ ಭಾಷೆ ಬರೋ ನರ್ಸೋ ಸೋಶಿಯಲ್ ವರ್ಕರೋ ಇದ್ದಾರಾ ಅಂತ ಮೊದಲೇ ಕೇಳಿದ್ರೆ ಮಡಿಕೇರಿಯಲ್ಲಿ ಯಾರಾದ್ರೂ ಸಿಗೋ ಸಾಧ್ಯತೆ ಇದ್ದೇ ಇದೆ. ಮೊಮ್ಮಕ್ಕಳನ್ನ ದುಭಾಷಿ ಮಾಡಬೇಡಿ.

ಮೂರು ನಾಲ್ಕು ಸಲ ಆದ್ರೂ ಏನೂ ಬದಲಾಗ್ಲಿಲ್ಲ ಅನ್ಸಿದ್ರೆ ಬಿಟ್ಟುಬಿಡೋ ಮೊದಲು ಅದನ್ನ ಥೆರಪಿಸ್ಟಿಗೇ ಹೇಳಿ, ಆಗಲೂ ಹೊಂದದಿದ್ರೆ ಬೇರೆಯವರನ್ನ ಕೇಳಿ, ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ, ಖಿನ್ನತೆ ಮಾತ್ರೆ ಕೆಲಸ ಶುರು ಮಾಡೋಕೆ ಕೆಲವು ವಾರ ಬೇಕು, ಹಿರಿಯರಿಗೆ ಇನ್ನೂ ಸ್ವಲ್ಪ ಜಾಸ್ತಿ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ತುಂಬಾ ಸುಸ್ತು, ಗೊಂದಲ, ತಡವರಿಕೆ ಕಂಡ್ರೆ ಸೋಡಿಯಂ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನ ಕೇಳಿ. ಆಸ್ಪತ್ರೆ ಔಷಧಾಲಯದಲ್ಲಿ ಇಲ್ಲ ಅಂದ್ರೆ ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ಕಮ್ಮಿ ದರಕ್ಕೆ ಸಿಗುತ್ತೆ, ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಬದಲು ಔಷಧಿ ಹೆಸರು ಬರ್ಕೊಡಿ ಅಂತ ಕೇಳಿದ್ರಾಯ್ತು.

ಹೋಗುವಾಗ ಒಂದು ಫೈಲ್ ಮಾಡ್ಕೊಳ್ಳಿ, ಆಧಾರ್, ರೇಷನ್ ಕಾರ್ಡ್, ಇಸಿಎಚ್‌ಎಸ್ ಇದ್ರೆ ಅದು, ಹಳೇ ಚೀಟಿಗಳು, ರಕ್ತ ಪರೀಕ್ಷೆ, ಎಲ್ಲದರ ಎರಡೆರಡು ಜೆರಾಕ್ಸ್. ಕನ್ನಡಕ, ಕಿವಿ ಮೆಷಿನ್ ಅದರ ಸೆಲ್ ಸಮೇತ. ಒಂಟಿಯಾಗಿರೋ ಹಿರಿಯರಿಗೆ ಜೊತೆಗೆ ಹೋಗೋರೇ ಇಲ್ಲ, ಪೆನ್ಷನ್ ನಿಂತಿದೆ, ಮನೆಯವರೇ ಹಿಂಸೆ ಕೊಡ್ತಿದ್ದಾರೆ ಅನ್ನೋ ಥರ ಇದ್ರೆ 14567, ಹಿರಿಯ ನಾಗರಿಕರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ. ಆ ನಂಬರನ್ನ 14416ರ ಜೊತೆ ದೊಡ್ಡ ಅಕ್ಷರದಲ್ಲಿ ಬರೆದು ಲ್ಯಾಂಡ್‌ಲೈನ್ ಪಕ್ಕ ಅಂಟಿಸಿ, ಮೊಬೈಲಲ್ಲಿ ಸೇವ್ ಮಾಡಿ ಕೊಟ್ರೆ ಹುಡುಕೋಕೆ ಅವರಿಗೆ ಕಷ್ಟ ಆಗುತ್ತೆ.